ಬ್ರಹ್ಮಗಿರಿಯ ಬಂಡೆ ಮತ್ತು ಒಂದು ‘ಆದರೆ’

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆಹಚ್ಚಿದರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಪಕ್ಕದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳೂ ಅದೇ ಪಾಠದಲ್ಲಿದ್ದವು. ವಾಕ್ಯಗಳ ಪಾಠ ಮಾತ್ರ ಬೇರೆ ಪಿರಿಯಡ್ಡಿನಲ್ಲಿ: ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ. ಎರಡನ್ನೂ ಸೇರಿಸಿ ಓದಿದರೆ ಬಂಡೆ ಬೇರೆ ಥರ ಕಾಣುತ್ತೆ.

ಶುರುವೇ ಸರ್ಕಾರಿ ಸುತ್ತೋಲೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರ ಮಾತಿನಂತೆ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು. ಆಮೇಲೆ, ದೇವಾನಾಂಪ್ರಿಯ ಹೀಗೆ ಅಪ್ಪಣೆ ಮಾಡಿದ್ದಾನೆ ಅಂತ ಹೇಳಬೇಕು. ಅವನು ಹೇಳಿದ ಅಂತ ಇವನು ಹೇಳಿದ ಅಂತ ಅವರಿಗೆ ಹೇಳಿ! ನಾವು ಕೋಡ್‌ನಲ್ಲಿ ಆವರಣದೊಳಗೆ ಆವರಣ ಹಾಕ್ತೀವಲ್ಲ, ಹಾಗೆ. ಈ ‘ಅಂತ’ಗಳೆಲ್ಲ ಅಧೀನ ವಾಕ್ಯಗಳು, ಪ್ರಧಾನ ವಾಕ್ಯ ಬರೋವರೆಗೂ ಅರ್ಥ ನೇತಾಡ್ತಿರುತ್ತೆ.

ನನಗೆ ಇಷ್ಟವಾಗೋದು ಮುಂದಿನ ಭಾಗ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು ಅಂತಾನೆ ಅಶೋಕ. ಆದರೆ ಒಂದು ವರ್ಷ ತಾನು ಜೋರಾಗಿ ಪ್ರಯತ್ನ ಮಾಡಲಿಲ್ಲ. ಸಂಘಕ್ಕೆ ಹತ್ತಿರವಾಗಿ ವರ್ಷದ ಮೇಲಾಯಿತು, ಆಗಿಂದ ಚೆನ್ನಾಗಿ ಶ್ರಮಪಟ್ಟಿದ್ದಾನೆ. ಆ ‘ಆದರೆ’ಗೆ ಪ್ರಾಕೃತದಲ್ಲಿ ‘ತು’ ಅನ್ನೋ ಒಂದಕ್ಷರ ಇದೆ. ಅದರ ಜೊತೆ ‘ಮಾಡಲಿಲ್ಲ’ ತನ್ನ ಕಾಲ ಮೇಲೆ ತಾನೇ ನಿಂತಿದೆ. ಇದನ್ನೇ ‘ಮೊದಲ ವರ್ಷ ಅಷ್ಟಾಗಿ ಪ್ರಯತ್ನಿಸದಿದ್ದರೂ ನಂತರ ಬಹಳ ಶ್ರಮಪಟ್ಟೆ’ ಅಂತ ಬರೆದುನೋಡಿ. ಮಾಹಿತಿ ಅಷ್ಟೇ, ತಪ್ಪು ಮಾತ್ರ ಮೂಲೆಗೆ ಸರಿಯಿತು. ನಮ್ಮ ಕಚೇರಿ ಕನ್ನಡದ ಅರ್ಧ ಜೀವ ಈ ‘-ದಿದ್ದರೂ’ದಲ್ಲೇ ಇದೆ: ‘ಕಾಮಗಾರಿ ವಿಳಂಬವಾಗಿದ್ದರೂ’, ‘ಕೊಂಚ ತೊಂದರೆಯಾದಾಗ್ಯೂ’. ಯಾರು ವಿಳಂಬ ಮಾಡಿದ್ದು ಸ್ವಾಮಿ?

ಧರ್ಮದ ಮಾತಿಗೆ ಬಂದಾಗ ಸುತ್ತುಬಳಸೇ ಇಲ್ಲ. ತಂದೆತಾಯಿಯ ಮಾತು ಕೇಳಬೇಕು. ಪ್ರಾಣಿಗಳ ಮೇಲೆ ದಯೆ ಬೇಕು. ನಿಜ ಹೇಳಬೇಕು. ಶಿಷ್ಯ ಗುರುವನ್ನು ಗೌರವಿಸಬೇಕು. ಎಲ್ಲ ಒಂದೊಂದೇ ಸ್ವತಂತ್ರ ವಾಕ್ಯ; ನಮ್ಮ ‘ಬೇಕು’ವಿನ ಕೆಲಸವನ್ನು ಅಲ್ಲಿ ‘-ತವಿಯ’ ಅನ್ನೋ ಪ್ರತ್ಯಯ ಮಾಡುತ್ತೆ. ಆಗ ಈ ಸೀಮೆಯ ಜನಕ್ಕೆ ಪ್ರಾಕೃತ ಮನೆಮಾತು ಆಗಿರಲಿಕ್ಕಿಲ್ಲ. ಯಾರೋ ಓದಿ, ಅವರ ಮಾತಿನಲ್ಲಿ ತಿಳಿಸಿರಬೇಕು ಅಂತ ನನ್ನ ಊಹೆ. ಬಾಯಿಂದ ಬಾಯಿಗೆ ದಾಟೋಕೆ ಚಿಕ್ಕ ವಾಕ್ಯವೇ ವಾಸಿ.

ಕೊನೆಗೆ ಬರೆದವನ ಸಹಿ: ಚಪಡ. ಹೆಸರು ಬ್ರಾಹ್ಮಿಯಲ್ಲಿದೆ. ‘ಲಿಪಿಕಾರ’ ಅನ್ನೋ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಅದು ಇಂದಿನ ಪಾಕಿಸ್ತಾನದ ಕಡೆಯ ಲಿಪಿ.