'ಸರ್ವರ್ ಇಲ್ಲ' ಅಂದಾಗ ಅದನ್ನು ಎಬ್ಬಿಸುವವರು ಯಾರು?

ಆರ್‌ಟಿಸಿಗೆ ಕ್ಯೂ ನಿಂತು "ಸರ್ವರ್ ಇಲ್ಲ, ನಾಳೆ ಬನ್ನಿ" ಎಂದು ಕೇಳದವರು ನಮ್ಮ ಕಡಬದಲ್ಲಿ ಕಡಿಮೆ. ಒಂದು ಕಾಲದಲ್ಲಿ ಆ ಸರ್ವರ್ ನಮಗೆ ಹತ್ತಿರವೇ ಇತ್ತು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಗ್ರಾಮ ಲೆಕ್ಕಿಗರ ಕೈಬರಹದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಯಾ ತಾಲೂಕಿನ ದಾಖಲೆ ಆಯಾ ತಾಲೂಕು ಕಚೇರಿಯ ಯಂತ್ರದಲ್ಲೇ. ಕಡಬದವರದ್ದು ಆಗ ಪುತ್ತೂರಿನಲ್ಲಿ. ಪಹಣಿಗೆ 15 ರೂಪಾಯಿ. ಯಂತ್ರ ಹಠ ಹಿಡಿದರೆ ಯಾರಾದರೂ ಅದರೆದುರು ಹೋಗಿ ಕೂರಲೇಬೇಕು.

ಆಮೇಲೆ ದಾಖಲೆ ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್‌ಗೆ ಹೋಯಿತು. ಇಂಥ ಕಡೆ ಕಪಾಟಿನಂಥ ರ‍್ಯಾಕ್‌ಗಳಲ್ಲಿ ಸರ್ವರ್‌ಗಳು ಒಂದರ ಮೇಲೊಂದು. ಪ್ರತಿಯೊಂದಕ್ಕೂ ಪರದೆ, ಕೀಬೋರ್ಡ್ ಇಡುವುದಿಲ್ಲ. ಇದಕ್ಕೆ ದಾರಿ 1998ರಲ್ಲೇ ಸಿಕ್ಕಿತ್ತು. ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಸೇರಿ ಐಪಿಎಂಐ ಎಂಬ ನಿಯಮ ತಂದವು. ಸರ್ವರಿನೊಳಗೇ ಇನ್ನೊಂದು ಪುಟ್ಟ ಕಂಪ್ಯೂಟರ್. ದೊಡ್ಡದು ಮಲಗಿದ್ದರೂ, ಪ್ಲಗ್ಗಿಗೆ ಕರೆಂಟ್ ಬರುತ್ತಿದ್ದರೆ ಸಾಕು, ಇದು ಎಚ್ಚರ. ಬಿಸಿ, ಫ್ಯಾನ್ ನೋಡುತ್ತದೆ. ದೂರದಿಂದ ಹೇಳಿದರೆ ಆಫ್ ಮಾಡಿ ಆನ್ ಮಾಡುತ್ತದೆ. ಮುಂದೆ ಪರದೆಯನ್ನೂ ದೂರದಲ್ಲೇ ಕಾಣುವಂತಾಯಿತು.

ತೋಟದ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿದವರಿಗೆ ಇದು ಹೊಸತಲ್ಲ. ಆದರೆ ಆ ನಂಬರು ಕಳ್ಳನಿಗೆ ಸಿಕ್ಕರೆ? ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬದಲಿಸದೆ ಬಿಡುವವರಿದ್ದಾರೆ. ಭದ್ರತಾ ಸಂಶೋಧಕ ಡ್ಯಾನ್ ಫಾರ್ಮರ್ 2013ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು.

ಇನ್ನೊಂದು ಮಾತು. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಬೆಂಗಳೂರಿನ ಸರ್ವರ್ ಚೆನ್ನಾಗಿಯೇ ಇರುತ್ತದೆ. ಕೌಂಟರಿನಲ್ಲಿ ಮಾತ್ರ ಅದೇ ಉತ್ತರ. ಬೆಳೆಸಾಲದ ಕಾಗದಕ್ಕೆ ಬಂದವರು ಮರುದಿನ ಮತ್ತೆ ಬಸ್ ಹತ್ತಬೇಕು.