ಸಲಿವನ್ ಸೆಂಟರ್
ಅಮೆರಿಕದ ಶಿಕಾಗೊ ನಗರದಲ್ಲಿ ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಮೂಲೆಯಲ್ಲಿರುವ ಹೆಸರಾಂತ ಮಳಿಗೆ ಕಟ್ಟಡ. ಶ್ಲೆಸಿಂಗರ್ ಅಂಡ್ ಮೇಯರ್ ಕಂಪನಿಗಾಗಿ ಇದನ್ನು ರೂಪಿಸಿದವನು ವಾಸ್ತುಶಿಲ್ಪಿ ಲೂಯಿಸ್ ಸಲಿವನ್. ಮೊದಲ ಭಾಗ 1899ರಲ್ಲಿ, 12 ಅಂತಸ್ತಿನ ಮೂಲೆಯ ಭಾಗ 1903–04ರಲ್ಲಿ ಎದ್ದವು. 1904ರಲ್ಲಿ ಕಟ್ಟಡ ಕಾರ್ಸನ್ ಪಿರೀ ಸ್ಕಾಟ್ ಸಂಸ್ಥೆಯ ಕೈಸೇರಿತು. ಭಾರವನ್ನೆಲ್ಲ ಉಕ್ಕಿನ ಚೌಕಟ್ಟೇ ಹೊರುವುದರಿಂದ ಅಗಲ ಕಿಟಕಿಗಳಿಗೆ ಎಡೆಯಾಯಿತು. ಒಳಗಿನ ಸರಕಿಗೆ ಹಗಲ ಬೆಳಕು ಧಾರಾಳ. ಬಿಳಿ ಟೆರಾಕೋಟ ಹೊದ್ದ ಮೇಲಂತಸ್ತುಗಳು ಸರಳ. ನಿಜವಾದ ಸೊಬಗು ಕೆಳಗಿನ ಎರಡು ಅಂತಸ್ತುಗಳದು: ಎರಕದ ಕಬ್ಬಿಣದಲ್ಲಿ ಬಳ್ಳಿ, ಎಲೆ, ಮೊಗ್ಗುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಈ ಕುಸುರಿಯಲ್ಲಿ ಸಹಾಯಕ ಜಾರ್ಜ್ ಎಲ್ಮ್ಸ್ಲಿಯ ಪಾಲು ದೊಡ್ಡದು. ದುಂಡು ಮೂಲೆಯ ಬಾಗಿಲ ಮೇಲಿನ ಬಳ್ಳಿಗಳ ನಡುವೆ ಸಲಿವನ್‌ನ ಹೆಸರಿನ ಮೊದಲಕ್ಷರಗಳೂ ಅಡಗಿವೆ. 1975ರಲ್ಲಿ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿತವಾಯಿತು. ಕಾರ್ಸನ್ ಮಳಿಗೆ 2007ರಲ್ಲಿ ಮುಚ್ಚಿತು. 2012ರಲ್ಲಿ ಟಾರ್ಗೆಟ್ ಮಳಿಗೆ ಇಲ್ಲಿ ತೆರೆಯಿತು.