ಎರಡನೇ ಸ್ಥಾನ ಯಾರದು?

2001ರ ನವೆಂಬರ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ಮೂರೇ ದಿನಗಳ ಅಂತರದಲ್ಲಿ ಎರಡು ವಿಡಿಯೋ ಗೇಮ್ ಕನ್ಸೋಲ್‌ಗಳು ಬಂದವು. 15ರಂದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ಬೆಲೆ 299 ಡಾಲರ್. 18ರಂದು ನಿಂಟೆಂಡೊದ ಗೇಮ್‌ಕ್ಯೂಬ್, ಬೆಲೆ 199 ಡಾಲರ್. ಅಷ್ಟು ಹೊತ್ತಿಗೆ ಸೋನಿಯ ಪ್ಲೇಸ್ಟೇಷನ್ 2 ಬಹಳ ಮುಂದೆ ಹೋಗಿತ್ತು. ಕೊನೆಗೆ ಅದು 15 ಕೋಟಿ ದಾಟಿತು. ಹಾಗಾಗಿ ಇವೆರಡರ ಪೈಪೋಟಿ ಎರಡನೇ ಸ್ಥಾನಕ್ಕಷ್ಟೇ.

ಅದರ ಫಲಿತಾಂಶವೂ ದಾಖಲಾಗಿದೆ: ಎಕ್ಸ್‌ಬಾಕ್ಸ್ ಸುಮಾರು 2.4 ಕೋಟಿ, ಗೇಮ್‌ಕ್ಯೂಬ್ 2.17 ಕೋಟಿ. ಮೈಕ್ರೋಸಾಫ್ಟ್ ಗೆದ್ದಿತು, ನಿಂಟೆಂಡೊ ಸೋತಿತು ಎಂದು ಬರೆದು ಮುಗಿಸಬಹುದು. ಈ ಅಂಕಿಗಳು ಸುಳ್ಳಲ್ಲ. ಆದರೆ ಅವು ಉತ್ತರಿಸುವ ಪ್ರಶ್ನೆ ತೀರಾ ಚಿಕ್ಕದು ಎಂಬುದು ನನ್ನ ವಾದ.

ಮೊದಲಿಗೆ 'ಮಾರಾಟ' ಎಂಬ ಮಾತನ್ನೇ ನೋಡೋಣ. ಕಂಪನಿಯ ವರದಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಂಗಡಿಗಳಿಗೆ ಕಳಿಸಿದ ಲೆಕ್ಕ, ಮನೆಗಳಿಗೆ ಹೋದ ಲೆಕ್ಕವಲ್ಲ. 2003ರಲ್ಲಿ ದಾಸ್ತಾನು ಹೆಚ್ಚಾಗಿ ನಿಂಟೆಂಡೊ ಕೆಲವು ತಿಂಗಳು ಗೇಮ್‌ಕ್ಯೂಬ್ ತಯಾರಿಕೆಯನ್ನೇ ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ಬೆಲೆ 99 ಡಾಲರಿಗೆ ಇಳಿದ ಮೇಲೆ ಮಾರಾಟ ಚೇತರಿಸಿಕೊಂಡಿತು. ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವ ನನಗೆ ಈ ವ್ಯತ್ಯಾಸ ಹೊಸದಲ್ಲ: ಗ್ರಾಹಕರಿಗೆ ಒಪ್ಪಿಸಿದ್ದೆಲ್ಲ ಬಳಕೆಗೆ ಬಂತು ಎನ್ನಲಾಗದು.

ಇನ್ನು ಖರ್ಚು. ಎಕ್ಸ್‌ಬಾಕ್ಸ್‌ನೊಳಗೆ ಇಂಟೆಲ್ ಪ್ರೊಸೆಸರ್, ಹಾರ್ಡ್ ಡಿಸ್ಕ್ ಇದ್ದವು. ಯಂತ್ರವನ್ನು ನಷ್ಟದಲ್ಲಿ ಮಾರಿ, ಆಟಗಳಿಂದ ಹಣ ಮರಳಿ ಪಡೆಯುವುದು ಲೆಕ್ಕಾಚಾರ. ಅದು ಫಲಿಸಲಿಲ್ಲ, ಒಟ್ಟು ನಷ್ಟ ಸುಮಾರು 400 ಕೋಟಿ ಡಾಲರ್ ಎಂದು ಅಂದಾಜು. ಅತ್ತ ನಿಂಟೆಂಡೊ ತನ್ನದೇ ಮಾರಿಯೋ, ಜೆಲ್ಡಾ ಆಟಗಳನ್ನೂ ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸ್ ಅನ್ನೂ ಮಾರುತ್ತ ವರ್ಷವರ್ಷವೂ ಲಾಭದಲ್ಲೇ ಇತ್ತು.

ಹಾಗಾದರೆ ಗೆದ್ದದ್ದು ನಿಂಟೆಂಡೊವೇ? ಅಲ್ಲಿಗೆ ನಿಲ್ಲಿಸಿದರೂ ತಪ್ಪಾಗುತ್ತದೆ. ಆ ನಷ್ಟದಿಂದಲೇ ಮೈಕ್ರೋಸಾಫ್ಟ್‌ಗೆ ಈ ಮಾರುಕಟ್ಟೆಯಲ್ಲಿ ಕಾಲೂರಲು ಜಾಗ ಸಿಕ್ಕಿತು. 2002ರಲ್ಲಿ ಆನ್‌ಲೈನ್ ಆಟಕ್ಕೆ ಎಕ್ಸ್‌ಬಾಕ್ಸ್ ಲೈವ್ ಬಂತು. 2005ರ ಎಕ್ಸ್‌ಬಾಕ್ಸ್ 360 ಎಂಟು ಕೋಟಿ ದಾಟಿತು. ಸೋತದ್ದೆನಿಸಿದ ಗೇಮ್‌ಕ್ಯೂಬ್‌ನ ತಂತ್ರಜ್ಞಾನದ ಮೇಲೆಯೇ ಕಟ್ಟಿದ ವೀ, 2006ರಲ್ಲಿ ಬಂದು ಹತ್ತು ಕೋಟಿ ದಾಟಿತು. 2005ರಲ್ಲಿ ಬರೆದ ತೀರ್ಪು 2010ರಲ್ಲಿ ನಿಲ್ಲುತ್ತಿರಲಿಲ್ಲ.

2015ರಲ್ಲಿ ಮೈಕ್ರೋಸಾಫ್ಟ್ ಕನ್ಸೋಲ್ ಮಾರಾಟದ ಸಂಖ್ಯೆ ಪ್ರಕಟಿಸುವುದನ್ನೇ ಬಿಟ್ಟು, ಸಕ್ರಿಯ ಬಳಕೆದಾರರ ಸಂಖ್ಯೆ ಕೊಡತೊಡಗಿತು. ಆದ್ದರಿಂದ ಅಂಕಿಯೊಂದು ಕಂಡಾಗ ಯಾರು ಎಣಿಸಿದರು, ಏನನ್ನು, ಯಾವಾಗ ಎಂದು ಕೇಳುತ್ತೇನೆ. ಯಾವುದನ್ನು ಎಣಿಸುವುದು ಬಿಟ್ಟರು ಎಂಬುದನ್ನೂ ಕೇಳುತ್ತೇನೆ.